ಏಳೂಕಾಲಿನಿಂದ ಏಳೂವರೆಯವರೆಗೆ

ಕುಗಾ ನೊಬುತೊ ಆ ಕೌಂಟರಿನಲ್ಲಿ ಕೂತ ಮೊದಲನೇ ವಾರದಲ್ಲೇ, ಸಂತೋಷಕ್ಕೆ ಅಳುತ್ತಿದ್ದ ಒಬ್ಬ ಹೆಂಗಸಿಗೆ ಇಪ್ಪತ್ತು ನಿಮಿಷ ಸಮಾಧಾನ ಹೇಳಿದ. ಈ ಸಾಲುಗಳನ್ನು ಬರೆಯುತ್ತಿರುವವನೂ ಅದೇ ಕುಗಾ. ಆದರೂ ಅವನನ್ನು 'ಅವನು' ಎಂದೇ ಕರೆಯುವುದು ವಾಸಿ. 'ನಾನು' ಎಂದು ಬರೆಯಹೊರಟರೆ ಕೈ ತಾನಾಗಿಯೇ ಸ್ವಲ್ಪ ದಯೆ ತೋರಿಸತೊಡಗುತ್ತದೆ.

ಟೋಕಿಯೋದ ಪೂರ್ವದಂಚಿನಲ್ಲಿ, ನದಿ ಪಕ್ಕದ ಒಂದು ವಾರ್ಡ್ ಕಚೇರಿ. ಎರಡನೇ ಮಹಡಿ, ನಾಲ್ಕನೇ ಕೌಂಟರ್, ಶಿಶುವಿಹಾರ ಪ್ರವೇಶ. ಯಾವ ಮಗುವಿಗೆ ಯಾವ ಶಿಶುವಿಹಾರದಲ್ಲಿ ಜಾಗ ಎಂಬುದನ್ನು ವಾರ್ಡೇ ತಂದೆತಾಯಿಯರ ಕೆಲಸ ನೋಡಿ ಅಂಕ ಹಾಕಿ ನಿರ್ಧರಿಸುತ್ತದೆ. ಆ ಹೆಂಗಸಿನ ಕೈಯಲ್ಲಿ 'ಈ ಬಾರಿ ಸ್ಥಾನ ದೊರೆತಿರುವುದಿಲ್ಲ' ಎಂಬ ಪತ್ರವಿತ್ತು, ಕಣ್ಣಲ್ಲಿ ನೀರಿತ್ತು. ಕುಗಾ ಕಾಗದದ ಕರವಸ್ತ್ರದ ಡಬ್ಬಿಯನ್ನೇ ಅವಳ ಮುಂದೆ ತಳ್ಳಿದ. ಧೈರ್ಯಗೆಡಬೇಡಿ ಎಂದ, ಮುಂದಿನ ಸುತ್ತು ಇದೆ ಎಂದ, ತನ್ನ ತಾಯಿಯೂ ಬಹಳ ಕಷ್ಟಪಟ್ಟವಳು ಎಂದ. (ತಾಯಿ ಹಾಗೇನೂ ಕಷ್ಟಪಟ್ಟವಳಲ್ಲ.) ಕೊನೆಗೆ ಆ ಹೆಂಗಸು ಮೂಗೊರೆಸಿಕೊಂಡು, "ಅಯ್ಯೋ, ಸಿಗ್ಲಿಲ್ಲ ಅಂತ್ಲೇ ಖುಷಿ ಕಣ್ರೀ" ಎಂದು ಹೇಳಿ, ಬಗ್ಗಿ ವಂದಿಸಿ, ಹೆಚ್ಚುಕಡಿಮೆ ಕುಣಿಯುತ್ತ ಮೆಟ್ಟಿಲಿಳಿದು ಹೋದಳು.

ಹಿಂದಿನ ಮೇಜಿನಿಂದ ಮೊಮೊಸೆ-ಸಾನ್ ಕನ್ನಡಕ ಇಳಿಸಿ ನೋಡಿದರು. ಆ ಕೌಂಟರಿನಲ್ಲಿ ಇಪ್ಪತ್ತೊಂದು ವರ್ಷ ಸವೆಸಿದವರು.

"ಮುಗೀತಾ ಪ್ರವಚನ? ಅವಳಿಗೆ ಬೇಕಾಗಿದ್ದೇ ಆ ಕಾಗದ ಕಣಪ್ಪಾ. ಜಾಗ ಸಿಗ್ಲಿಲ್ಲ ಅಂತ ತೋರಿಸಿದ್ರೆ ಶಿಶುಪಾಲನೆ ರಜೆ ಇನ್ನಾರು ತಿಂಗಳು ಎಳೀಬೋದು, ಭತ್ಯೆನೂ ನಿಲ್ಲಲ್ಲ. ಅದಕ್ಕೇ ಎಲ್ಲರೂ ಮುಗಿಬೀಳೋ ಶಿಶುವಿಹಾರ ಯಾವುದು ಅಂತ ಹುಡುಕಿ, ಅದೊಂದರ ಹೆಸರು ಬರೆದು ಕೊಡ್ತಾರೆ. ಸಿಗಬಾರ್ದು ಅಂತ."

"ಸಿಗಬಾರ್ದು ಅಂತ ಅರ್ಜಿ ಹಾಕ್ತಾರಾ?"

"ಮತ್ತೆ ನೀನು ಈ ಕೆಲಸಕ್ಕೆ ಹೆಂಗೆ ಹಾಕಿದ್ದೆ, ಕುಗಾ-ಕುನ್?"

ಅವನು ನಿಜಕ್ಕೂ ಹಾಗೇ ಹಾಕಿದ್ದ. ವರ್ಷದ ಒಪ್ಪಂದದ ಕೆಲಸ, ಪ್ರತಿ ಮಾರ್ಚ್ ಕೊನೆಗೆ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ಸಿಗಲಾರದು ಎಂದುಕೊಂಡೇ ಅರ್ಜಿ ಕಳಿಸಿದ್ದ, ಸಿಕ್ಕಿಬಿಟ್ಟಿತು.

ಒಮ್ಮೆ ಪೆದ್ದನಾದವನು ಜಾಣನಾಗಲು ಹೊರಟರೆ ಎಷ್ಟು ಅಪಾಯ ಎನ್ನುವುದು ಅವನಿಗೆ ಆಗ ತಿಳಿಯಲಿಲ್ಲ. ಅಂದಿನಿಂದ ಅವನದೊಂದು ಸೂತ್ರ ತಯಾರಾಯಿತು. ಫಾರಮ್ಮಿನಲ್ಲಿ ಐದು ಶಿಶುವಿಹಾರಗಳ ಹೆಸರಿಗೆ ಐದು ಖಾನೆಗಳಿವೆ. ಐದನ್ನೂ ತುಂಬಿದವರಿಗೆ ಜಾಗ ಬೇಕು. ಒಂದೇ ತುಂಬಿದವರಿಗೆ ಬೇಡ. ಇಂಥವರಿಗೆಂದೇ ವಾರ್ಡು ಆ ವರ್ಷ ಫಾರಮ್ಮಿನ ಕೆಳಗೆ ಒಂದು ಪುಟ್ಟ ಚೌಕ ಸೇರಿಸಿತ್ತು: 'ಸ್ಥಾನ ಸಿಗದಿದ್ದಲ್ಲಿ ರಜೆ ಮುಂದುವರಿಸಲು ಅಭ್ಯಂತರವಿಲ್ಲ.' ಅದರಲ್ಲಿ ಗುರುತು ಹಾಕಿದವರ ಅರ್ಜಿ ಪಟ್ಟಿಯ ತಳಕ್ಕೆ ಹೋಗುತ್ತದೆ. ಬೇಡದವರಿಗೆ ಬೇಡದ್ದೇ ಖಾತ್ರಿ, ಬೇಕಾದವರಿಗೆ ಜಾಗ ಖಾಲಿ. ಎಂಥ ಒಳ್ಳೆಯ ಚೌಕ ಎಂದು ಕುಗಾ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಇವಾಬುಚಿ ಸನಾಯೆ ಬಂದದ್ದು ನವೆಂಬರಿನಲ್ಲಿ. ಮೂವತ್ತೊಂದರ ಹೆಂಗಸು, ಮೋಟು ಉಗುರು, ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳು, ಎದೆಗೆ ಕಟ್ಟಿಕೊಂಡ ಒಂಬತ್ತು ತಿಂಗಳ ಹೆಣ್ಣುಮಗು. ಅವಳು ಬರೆದದ್ದು ಒಂದೇ ಹೆಸರು: ಮುಕುನೊಕಿ ಶಿಶುವಿಹಾರ. ಉಳಿದ ನಾಲ್ಕು ಖಾನೆಗಳಿಗೆ ಅಡ್ಡಗೀಟು ಎಳೆದಿದ್ದಳು.

"ಒಂದೇನಾ?" ಎಂದ ಕುಗಾ.

"ಒಂದೇ."

ಅವನು ಎಲ್ಲ ಬಲ್ಲವನ ಹಾಗೆ ನಕ್ಕ. ಆ ನಗುವನ್ನು ವಾಪಸು ತೆಗೆದುಕೊಳ್ಳಲು ಇವತ್ತು ಅವನು ಏನು ಬೇಕಾದರೂ ಕೊಟ್ಟಾನು. "ಅರ್ಥ ಆಯ್ತು ಬಿಡಿ," ಎಂದು ದನಿ ತಗ್ಗಿಸಿ, ಆ ಚೌಕದ ಪಕ್ಕ ಬೆರಳಿಟ್ಟ. "ಹಾಗಾದ್ರೆ ಇಲ್ಲೊಂದು ಗುರುತು ಹಾಕ್ಬಿಡಿ. ನಿಮಗೆ ಸುಲಭ ಆಗುತ್ತೆ."

ಮಗು ಆಗಲೇ ಅವನ ಕೊರಳಿನ ಗುರುತುಚೀಟಿಯ ದಾರ ಹಿಡಿದು ಬಾಯಿಗಿಟ್ಟುಕೊಂಡಿತ್ತು. ಸನಾಯೆ ಒಂದು ಕೈಯಲ್ಲಿ ಅದನ್ನು ಬಿಡಿಸುತ್ತ, ಇನ್ನೊಂದು ಕೈಯಲ್ಲಿ ಗುರುತು ಹಾಕಿದಳು. ಓದಲಿಲ್ಲ.

ಯಾಕೆ ಓದಲಿಲ್ಲ ಎಂಬುದು ಅವನಿಗೆ ಬಹಳ ತಡವಾಗಿ ತಿಳಿಯಿತು. ಸನಾಯೆ ಇನ್ನೊಂದು ಶಿಶುವಿಹಾರದ ಅಡುಗೆಮನೆಯಲ್ಲಿ ಅಡುಗೆಯವಳು. ತೊಂಬತ್ತನಾಲ್ಕು ಮಕ್ಕಳ ಊಟ. ಯಾರಿಗೆ ಮೊಟ್ಟೆ ಆಗದು, ಯಾರಿಗೆ ಹಾಲು ಆಗದು, ಯಾರಿಗೆ ಗೋಧಿ ಎಂಬ ಪಟ್ಟಿ ಗೋಡೆಯ ಮೇಲಿರುತ್ತದೆ. ತಟ್ಟೆ ಹೊರಗೆ ಹೋಗುವ ಮುಂಚೆ ಒಬ್ಬಳು ಪಟ್ಟಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ತಟ್ಟೆಗೆ ಬೆರಳು ತೋರಿಸಿ ಅದನ್ನೇ ಹೇಳಬೇಕು. ಅಲ್ಲಿ ಬೆರಳಿಟ್ಟು ಹೇಳಿದ ಮಾತೆಂದರೆ ಮಗುವಿನ ಜೀವದ ಮೇಲಿನ ಮಾತು. ಆರು ವರ್ಷದಲ್ಲಿ ಒಂದು ತಟ್ಟೆಯೂ ತಪ್ಪಿರಲಿಲ್ಲ. ವಾರ್ಡ್ ಕಚೇರಿಯಲ್ಲೂ ಬೆರಳೆಂದರೆ ಬೆರಳೇ ಎಂದು ಅವಳು ನಂಬಿದ್ದಳು.

ಫೆಬ್ರವರಿ ಮಧ್ಯದಲ್ಲಿ ಪತ್ರಗಳು ಹೋದವು. ಮರುದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವಾಗಲೇ ಸನಾಯೆ ಹೊರಗೆ ನಿಂತಿದ್ದಳು. ಕುಗಾ ಗುರುತು ಹಿಡಿದ. ಒಂದೇ ಹೆಸರಿನವಳು!

"ಬಂತಾ ಪತ್ರ? ಅಭಿನಂದನೆ!" ಎಂದ.

"ಯಾವುದಕ್ಕೆ?"

"ಅದೇ... ಸಿಗ್ಲಿಲ್ವಲ್ಲ. ರಜೆ ಮುಂದಕ್ಕೆ..."

"ಯಾವ ರಜೆ? ನಂಗೆ ರಜೆನೇ ಇಲ್ವಲ್ಲ ಸಾರ್. ನಂದು ವರ್ಷದ ಕರಾರು. ಏಪ್ರಿಲ್ ಒಂದಕ್ಕೆ ಬಂದ್ರೆ ಇರು, ಇಲ್ದಿದ್ರೆ ಬೇರೆಯವರನ್ನ ಇಟ್ಕೋತೀವಿ ಅಂದಿದಾರೆ." ಅವಳ ದನಿ ಏರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾದದ್ದು. "ಜನವರೀಲೇ ಡೈಪರಿಗೆಲ್ಲ ಹೆಸರು ಒತ್ತಿಟ್ಟಿದೀನಿ. ಮುದ್ರೆ ಮಾಡಿಸ್ಕೊಂಡು. ತೊಂಬತ್ತು ಡೈಪರು."

ಶಿಶುವಿಹಾರಕ್ಕೆ ಕೊಡುವ ಒಂದೊಂದು ಡೈಪರಿನ ಮೇಲೂ ಮಗುವಿನ ಹೆಸರಿರಬೇಕು. ಆ ಕೌಂಟರಿಗೆ ಬರುವ ತಾಯಂದಿರೆಲ್ಲ ಗೊಣಗುವ ಕೆಲಸ ಅದು. ಜಾಗ ಸಿಗುವ ಮೊದಲೇ ಆಸೆಪಟ್ಟು ಮಾಡಿಕೊಂಡವಳನ್ನು ಅವನು ಕಂಡದ್ದು ಇದೇ ಮೊದಲು.

"ಆದ್ರೆ ನೀವು ಒಂದೇ ಹೆಸರು ಬರೆದಿದ್ರಿ..."

ಸನಾಯೆ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಬಿಚ್ಚಿದಳು. ಹನ್ನೆರಡು ಶಿಶುವಿಹಾರಗಳ ಹೆಸರು, ಪ್ರತಿಯೊಂದರ ಎದುರು ನಿಮಿಷಗಳು. ಮಗುವನ್ನು ಕಟ್ಟಿಕೊಂಡು ಅವಳು ಹನ್ನೆರಡನ್ನೂ ನಡೆದು ನೋಡಿದ್ದಳು, ಒಂದೊಂದನ್ನು ಎರಡೆರಡು ಸಲ. ಎಲ್ಲ ಶಿಶುವಿಹಾರಗಳೂ ಬಾಗಿಲು ತೆರೆಯುವುದು ಏಳೂಕಾಲಿಗೆ. ಅವಳ ಅಡುಗೆಮನೆಯ ಪಾಳಿ ಶುರುವಾಗುವುದು ಏಳೂವರೆಗೆ. ಗಂಡ ಮೀನಿನ ಸಗಟು ಮಾರುಕಟ್ಟೆಯವನು, ಮಧ್ಯಾಹ್ನ ಮಗುವನ್ನು ಕರೆತರಬಲ್ಲ. ಬೆಳಗಿನ ಹರಾಜು ಮಾತ್ರ ಯಾರ ಮಗುವಿಗೂ ಕಾಯುವುದಿಲ್ಲ. ಉಳಿದದ್ದು ಹದಿನೈದು ನಿಮಿಷ. ಆ ಹದಿನೈದು ನಿಮಿಷದೊಳಗೆ ಮಗುವನ್ನು ಬಿಟ್ಟು ಅಡುಗೆಮನೆ ತಲುಪಬಹುದಾದದ್ದು ಹನ್ನೆರಡರಲ್ಲಿ ಒಂದೇ, ಮುಕುನೊಕಿ. ಹದಿಮೂರು ನಿಮಿಷ.

"ನೀವು ಕೆಲಸ ಮಾಡೋ ಶಿಶುವಿಹಾರದಲ್ಲೇ...?"

"ಅಡುಗೆ ಗುತ್ತಿಗೆಯ ಕಂಪನಿಯವರು ಬಿಡಲ್ಲ. ಮಗು ಅಳೋದು ಅಡುಗೆಮನೆಗೆ ಕೇಳಿಸಿದ್ರೆ ನಾನು ಕೈ ಕುಯ್ಕೋತೀನಂತೆ."

ಕುಗಾ ಕಂಪ್ಯೂಟರಿನಲ್ಲಿ ನೋಡಿದ. ಸನಾಯೆಯ ಅಂಕ ನಲವತ್ತೊಂದು. ಮುಕುನೊಕಿಯ ಒಂದು ವರ್ಷದವರ ತರಗತಿಯಲ್ಲಿ ಜಾಗ ಸಿಕ್ಕ ಕೊನೆಯ ಮಗುವಿನ ಅಂಕ ನಲವತ್ತು. ಅವನ ಬೆರಳು ಆ ದಿನ ಮೇಜಿನ ಕೆಳಗಿದ್ದಿದ್ದರೆ ಕೊಹಾರು ಎಂಬ ಈ ಮಗು ಏಪ್ರಿಲ್ ಒಂದಕ್ಕೆ ತನ್ನ ಹೆಸರಿನ ಡೈಪರು ಹಾಕಿಕೊಂಡು ಮುಕುನೊಕಿಯ ಬಾಗಿಲಲ್ಲಿರುತ್ತಿತ್ತು.

ಅವನು ಕಂಡದ್ದನ್ನು ಅವಳಿಗೆ ಹೇಳಿದ. ಅಂಕ, ಚೌಕ, ಬೆರಳು, ಎಲ್ಲ. ಅದೊಂದನ್ನು ಅವನ ಪರವಾಗಿ ಹೇಳಬಹುದು, ಅಷ್ಟೆ. ಸನಾಯೆ ಕೇಳಿಸಿಕೊಂಡು, ಮಗುವಿನ ಟೋಪಿ ಸರಿಮಾಡಿ, "ಈಗೇನು ಮಾಡ್ಬೇಕು?" ಎಂದಳು.

"ಎರಡನೇ ಸುತ್ತಿಗೆ ಇನ್ನೂ ಹತ್ತು ದಿನ ಇದೆ. ಅಷ್ಟರಲ್ಲಿ ನಾನು ಸರಿ ಮಾಡಿಸ್ತೀನಿ," ಎಂದ. ಏನನ್ನು ಹೇಗೆ ಎಂದು ಅವನಿಗೇ ಗೊತ್ತಿರಲಿಲ್ಲ.

ಇಲ್ಲಿ ಕಚೇರಿಯಲ್ಲಿ ತಪ್ಪಾದರೆ ತಪ್ಪಿನ ವರದಿ ಬರೆಯುತ್ತಾರೆ. ಏನಾಯಿತು, ಯಾಕಾಯಿತು, ಇನ್ನು ಮುಂದೆ ಆಗದಂತೆ ಏನು ಕ್ರಮ. ಕುಗಾ ಬರೆದು ಮೊಮೊಸೆ-ಸಾನ್ ಮುಂದಿಟ್ಟ. ಅವರು ಕೆಂಪು ಪೆನ್ನು ತೆಗೆದರು.

"'ಗುರುತು ಹಾಕಲು ಹೇಳಿದೆ' ಅಂತ ಬರೀಬೇಡ. 'ಚೌಕದ ಕುರಿತು ವಿವರಿಸಿದೆ' ಅಂತ ಬರಿ."

"ನಾನು ವಿವರಿಸ್ಲಿಲ್ಲ. ಹಾಕಿ ಅಂದೆ."

"ನಂಗೊತ್ತು. ಮಾರ್ಚಲ್ಲಿ ನಿನ್ನ ಒಪ್ಪಂದದ ಫೈಲು ಮುಖ್ಯಸ್ಥರ ಮೇಜಿಗೆ ಹೋಗುತ್ತೆ. ಅದ್ರ ಮೇಲೆ ಈ ಕಾಗದ ಕೂತಿರುತ್ತೆ. ಅದೂ ಗೊತ್ತಿರ್ಲಿ."

"ಬದಲಾಯಿಸಿದ್ರೆ ಅವರಿಗೆ ಜಾಗ ಸಿಗುತ್ತಾ?"

"ಇಲ್ಲ."

"ಬದಲಾಯಿಸ್ದೆ ಇದ್ರೆ?"

ಮೊಮೊಸೆ-ಸಾನ್ ಪೆನ್ನಿನ ಮುಚ್ಚಳ ಹಾಕಿದರು. "ಆಗ್ಲೂ ಇಲ್ಲ ಕಣಪ್ಪಾ. ಆ ಜಾಗದಲ್ಲಿ ಈಗ ಇನ್ನೊಂದು ಮಗು ಕೂತಿದೆ. ಅದರ ಅಮ್ಮನೂ ಏಪ್ರಿಲ್ ಒಂದಕ್ಕೆ ಕೆಲಸಕ್ಕೆ ಹೋಗ್ಬೇಕು. ಅವಳನ್ನ ಎಬ್ಬಿಸು ಅಂತೀಯಾ?"

ಕುಗಾ ವರದಿಯನ್ನು ಬರೆದ ಹಾಗೇ ಕೊಟ್ಟ. ಎರಡು ದಿನ ಬಿಟ್ಟು ಮೇಲಿನಿಂದ ಉತ್ತರ ಬಂತು: ಗುರುತು ಅರ್ಜಿದಾರರದೇ ಕೈಯಿಂದ ಆದದ್ದು, ಮೊದಲ ಸುತ್ತಿನ ಫಲಿತಾಂಶ ಬದಲಾಗದು. ಎರಡನೇ ಸುತ್ತಿನಲ್ಲಿ ಗುರುತು ಅಳಿಸಬಹುದು. ಆದರೆ ಎರಡನೇ ಸುತ್ತಿಗೆ ಮುಕುನೊಕಿಯಲ್ಲಿ ಖಾಲಿ ಜಾಗ ಸೊನ್ನೆ. ಹತ್ತಿರದಲ್ಲಿ ಜಾಗವಿದ್ದದ್ದು ರೈಲು ಹಳಿಯ ಆಚೆಯ ಒಂದೇ ಶಿಶುವಿಹಾರದಲ್ಲಿ, ಅದೂ ಒಂದೇ ಜಾಗ. ಸನಾಯೆಯ ಹಾಳೆಯಲ್ಲಿ ಅದರ ಎದುರು 'ಇಪ್ಪತ್ತಾರು' ಎಂದಿತ್ತು.

ಕುಗಾ ನಕ್ಷೆ ನೋಡಿದ. ಅಷ್ಟು ದೂರವೇನಿಲ್ಲವಲ್ಲ! ಆ ಭಾನುವಾರ ಕೈಬೀಸಿಕೊಂಡು ನಡೆದು ನೋಡಿದ, ಹದಿನಾಲ್ಕು ನಿಮಿಷ. ಸೋಮವಾರ ಅವಳಿಗೆ ಫೋನ್ ಮಾಡಿ ಗೆದ್ದವನ ಹಾಗೆ ಹೇಳಿದ. ಆಚೆ ಕಡೆ ಮಗು ಪಾತ್ರೆ ಬಡಿಯುತ್ತಿತ್ತು.

"ಭಾನುವಾರ ನಡೆದ್ರಾ?"

"ಹೌದು."

"ಮಗು ಎತ್ಕೊಂಡು?"

"ಇಲ್ಲ..."

"ಮನೇಲಿ ಹತ್ತು ಕೇಜಿ ಅಕ್ಕಿ ಚೀಲ ಇದ್ರೆ ಎತ್ಕೊಳಿ. ವಾರದ ದಿನ ಬನ್ನಿ. ಏಳೂಕಾಲಿಗೆ ಅಲ್ಲಿಂದ ಹೊರಡಿ, ಆಮೇಲೆ ಫೋನ್ ಮಾಡಿ."

ಅವನು ಬುಧವಾರ ಹೋದ. ಅವನ ಒಂಟಿ ಕೋಣೆಯಲ್ಲಿ ಐದು ಕೇಜಿ ಚೀಲ ಅರ್ಧ ಇತ್ತು. ಅಂಗಡಿಯಿಂದ ಹತ್ತು ಕೇಜಿಯದನ್ನು ಕೊಂಡ. ಅದನ್ನು ಎದೆಗವಚಿಕೊಂಡು ಶಿಶುವಿಹಾರದ ಬಾಗಿಲಲ್ಲಿ ನಿಂತಾಗ, ಮಕ್ಕಳನ್ನು ಬಿಡಲು ಬಂದ ತಾಯಂದಿರು ದೂರ ಸರಿದು ಹೋದರು. ಏಳೂಕಾಲಿಗೆ ಹೊರಟ. ಮಗುವನ್ನು ಶಿಶುವಿಹಾರದಲ್ಲಿ ಬಿಟ್ಟು ಹೊರಟವಳ ಕೈ ಖಾಲಿಯೇ ಇರುತ್ತದೆ, ಮತ್ತೆ ಅಕ್ಕಿ ಯಾಕೆ ಎಂಬುದು ಅರ್ಧ ದಾರಿಯಲ್ಲಿ ಹೊಳೆಯಿತು. ಅಷ್ಟರಲ್ಲಿ ರೈಲ್ವೆ ಗೇಟು ಬಂತು. ಗೇಟು ಮುಚ್ಚಿತ್ತು. ಬೆಳಗಿನ ಹೊತ್ತು ನಗರದತ್ತ ಹೋಗುವ ಗಾಡಿ ದಾಟುವಷ್ಟರಲ್ಲಿ ನಗರದಿಂದ ಬರುವ ಗಾಡಿ, ಅದು ದಾಟುವಷ್ಟರಲ್ಲಿ ಇನ್ನೊಂದು. ಗಂಟೆ ಬಡಿಯುತ್ತಲೇ ಇತ್ತು. ಅವನು ಅಕ್ಕಿಯನ್ನು ಎಡತೋಳಿನಿಂದ ಬಲತೋಳಿಗೆ, ಬಲದಿಂದ ಎಡಕ್ಕೆ ಬದಲಿಸಿದ. ಗೇಟು ತೆರೆದದ್ದು ಹನ್ನೊಂದು ನಿಮಿಷದ ಮೇಲೆ. ಸನಾಯೆಯ ಅಡುಗೆಮನೆಯ ಹಿಂಬಾಗಿಲು ತಲುಪಿದಾಗ ಏಳು ನಲವತ್ತೊಂದು. ಒಳಗೆ ಬೇಯುತ್ತಿದ್ದ ಕುಂಬಳಕಾಯಿಯ ವಾಸನೆ ಬರುತ್ತಿತ್ತು. ಬಿಳಿ ಟೋಪಿಯ ಹೆಂಗಸೊಬ್ಬಳು ಬಾಗಿಲು ತೆರೆದು, "ಅಕ್ಕಿ ನಾವು ಹೇಳಿಲ್ವಲ್ಲ" ಎಂದಳು.

ಇಪ್ಪತ್ತಾರು ನಿಮಿಷ. ಸನಾಯೆಯ ಹಾಳೆ ಒಂದು ನಿಮಿಷವೂ ತಪ್ಪಿರಲಿಲ್ಲ.

ಅವಳು ಆದರೂ ಎರಡನೇ ಸುತ್ತಿಗೆ ಅರ್ಜಿ ಹಾಕಿದಳು. ಪಾಳಿಯನ್ನು ಕಾಲು ಗಂಟೆ ಮುಂದಕ್ಕೆ ಹಾಕಿ ಎಂದು ಕಂಪನಿಯನ್ನು ಕೇಳಿದಳು. ಏಳೂವರೆಗೆ ಒಲೆ ಹತ್ತದಿದ್ದರೆ ಒಂಬತ್ತೂವರೆಯ ತಿಂಡಿ ಆಗುವುದಿಲ್ಲ ಎಂದರು. ಅದು ಅವಳಿಗೂ ಗೊತ್ತಿದ್ದ ಮಾತೇ. ಮಾರ್ಚಿನಲ್ಲಿ ಬಂದ ಪತ್ರ ಆ ತಲೆನೋವನ್ನೂ ಉಳಿಸಲಿಲ್ಲ. ಹಳಿಯಾಚೆಯ ಆ ಒಂದು ಜಾಗ, ಅಕ್ಕನೋ ಅಣ್ಣನೋ ಆಗಲೇ ಅಲ್ಲಿರುವ ಮಗುವಿಗೆ ಹೋಗಿತ್ತು. ಖಾಸಗಿಯಾಗಿ ಮಕ್ಕಳನ್ನು ನೋಡಿಕೊಳ್ಳುವ ಎರಡು ಕಡೆಯೂ 'ಭರ್ತಿ' ಎಂದರು.

ಅದೇ ಮಾರ್ಚಿನ ಕೊನೆಗೆ ಕುಗಾನ ಒಪ್ಪಂದ ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ತಪ್ಪಿನ ವರದಿ ಫೈಲಿನ ಮೇಲೇ ಇತ್ತು. ಆ ಕೌಂಟರಿಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಏಪ್ರಿಲ್ ಒಂದರಂದು ಸನಾಯೆ ಕೆಲಸಕ್ಕೆ ಹೋದಳು. ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದಳು. ಎಂಬತ್ತು ದಾಟಿದ, ಎರಡೂ ಮೊಣಕಾಲು ನೋಯುವ ಅಜ್ಜಿ. ಎಂಟು ದಿನ ನಡೆಯಿತು. ಆ ಎಂಟು ದಿನವೂ ಸನಾಯೆ ಬಿಡುವಿನಲ್ಲಿ ಹಿಂಬಾಗಿಲ ಹತ್ತಿರ ನಿಂತು ಅಜ್ಜಿಗೆ ಫೋನ್ ಮಾಡುತ್ತಿದ್ದಳು, ಅಜ್ಜಿ ಫೋನು ಎತ್ತಲು ಏಳುವಷ್ಟರಲ್ಲಿ ಅದು ನಿಂತುಹೋಗುತ್ತಿತ್ತು. ಕೊಹಾರು ಹೊಸದಾಗಿ ನಡೆಯಲು ಕಲಿತಿದ್ದಳು. ಒಂಬತ್ತನೆಯ ದಿನ ತೆರೆದ ಬಾಗಿಲಿನಿಂದ ಹೊರಟು, ಓಣಿ ದಾಟಿ, ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ಸೈಕಲ್ಲಿನಲ್ಲಿ ಬಂದ ಅಂಚೆಯವನು, ಟೀ ಶರ್ಟಿನ ಕೆಳಗೆ ಇಣುಕುತ್ತಿದ್ದ ಡೈಪರಿನ ಮೇಲಿನ ಹೆಸರು ಓದಿ, ಮನೆ ಹುಡುಕಿ ತಂದುಬಿಟ್ಟ. ಅಜ್ಜಿ ಇನ್ನೂ ಕುರ್ಚಿಯಿಂದ ಏಳುತ್ತಲೇ ಇದ್ದಳು.

ಏನೂ ಆಗಲಿಲ್ಲ. ಮರುದಿನದಿಂದ ಸನಾಯೆ ಕೆಲಸಕ್ಕೆ ಹೋಗಲಿಲ್ಲ.

ಇದನ್ನೆಲ್ಲ ಅವಳು ಹೇಳಿದ್ದು ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ, ಅದೇ ನಾಲ್ಕನೇ ಕೌಂಟರಿನಲ್ಲಿ. ಮಗು ಈಗ ಎದೆಯ ಮೇಲಿರಲಿಲ್ಲ; ಕೌಂಟರಿನ ಕಾಲು ಹಿಡಿದು ಕೆಳಗೆ ನಿಂತಿತ್ತು. ಸನಾಯೆ ಕಂಪನಿಯ ಪತ್ರ ಮುಂದಿಟ್ಟಳು, ಕರಾರು ಮುಗಿದಿದೆ. ತಿಂಗಳು ತಿಂಗಳೂ ಖಾಲಿಯಾಗುವ ಜಾಗಕ್ಕೆ ಹಾಕುವ ಅರ್ಜಿ ಬೇಕು ಎಂದಳು.

ಕೆಲಸ ಹೋದರೆ ಅದನ್ನು ತಿಳಿಸುವ ಫಾರಮ್ಮೊಂದಿದೆ. ಅದನ್ನು ಕೊಡುವುದು ಕುಗಾನ ಕೆಲಸ. ಕೊಟ್ಟಮೇಲೆ ಏನಾಗುತ್ತದೆಂದು ಹೇಳುವುದೂ ಅವನ ಕೆಲಸ.

"ಈಗ ನೀವು ಕೆಲಸ ಹುಡುಕ್ತಿರೋರು ಅಂತ ಆಗುತ್ತೆ. ಅಂಕ ನಲವತ್ತೊಂದರಿಂದ... ಇಪ್ಪತ್ತೆಂಟಕ್ಕೆ ಇಳಿಯುತ್ತೆ."

"ಇಪ್ಪತ್ತೆಂಟಕ್ಕೆ ಯಾರಿಗಾದ್ರೂ ಸಿಕ್ಕಿದೆಯಾ?"

"ನಾನು ಬಂದಾಗಿನಿಂದ ಇಲ್ಲ."

"ಕೆಲಸ ಸಿಕ್ಕಿದ್ರೆ ಅಂಕ ಏರುತ್ತಾ?"

"ಏರುತ್ತೆ. ಆದ್ರೆ ಮೊದಲು ಕೆಲಸ ಸಿಗ್ಬೇಕು."

"ಮಗು ಎಲ್ಲಿ ಬಿಡ್ತೀಯ ಅಂತ ಮೊದಲು ಅವರು ಕೇಳ್ತಾರೆ." ಅವಳು ಸಣ್ಣಗೆ ನಕ್ಕಳು. ಅಳುವುದಕ್ಕಿಂತ ಕೆಟ್ಟದಾಗಿ ಕೇಳಿಸಿತು. "ಜಾಗ ಇಲ್ದೆ ಕೆಲಸ ಹೋಯ್ತು. ಕೆಲಸ ಇಲ್ದೆ ಜಾಗ ಹೋಯ್ತು. ಇದನ್ನ ಬರೆದೋರು ಯಾವತ್ತಾದ್ರೂ ಅನ್ನ ಬೇಯಿಸಿದಾರಾ ಸಾರ್? ಬೆಂದಿರೋ ಅನ್ನ ತೋರ್ಸು, ಆಮೇಲೆ ಒಲೆ ಕೊಡ್ತೀವಿ ಅಂದ ಹಾಗಾಯ್ತು."

ಹಿಂದಿನ ಮೇಜಿನಲ್ಲಿ ಮೊಮೊಸೆ-ಸಾನ್ ಟೈಪ್ ಮಾಡುವುದನ್ನು ನಿಲ್ಲಿಸಿದ್ದರು. ಮಗು ಕೌಂಟರಿನ ಕಾಲು ಬಿಟ್ಟು ಎರಡು ಹೆಜ್ಜೆ ನಡೆದು ಕೂತಿತು. ಡೈಪರಿನ ಅಂಚಿನಲ್ಲಿ ನೀಲಿ ಅಕ್ಷರದ ಮುದ್ರೆ ಕಾಣಿಸುತ್ತಿತ್ತು, ಇವಾಬುಚಿ ಕೊಹಾರು. ತೊಂಬತ್ತರಲ್ಲಿ ಇನ್ನೆಷ್ಟು ಉಳಿದಿವೆ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಅವಳ ಜಾಗ ಈಗ ಆ ಅಡುಗೆಮನೆಯಲ್ಲಿ ಬೇರೆಯವರದು. ಯಾವ ಮಗುವಿಗೆ ಮೊಟ್ಟೆ ಆಗದು ಎಂದು ಪಟ್ಟಿ ನೋಡದೆ ಹೇಳಬಲ್ಲವಳು, ಒಂದು ವರ್ಷದವರ ಅನ್ನ ಎಷ್ಟು ಮೆತ್ತಗಿರಬೇಕು ಎಂದು ಬೆರಳಲ್ಲಿ ಹಿಸುಕಿ ತಿಳಿಯಬಲ್ಲವಳು, ಇಲ್ಲಿ ಇಪ್ಪತ್ತೆಂಟು ಅಂಕದ ಹೆಂಗಸಾಗಿ ನಿಂತಿದ್ದಳು. ಕುಗಾ ಎರಡೂ ಫಾರಮ್ಮುಗಳನ್ನು ಅವಳತ್ತ ಸರಿಸಿದ. ಫೆಬ್ರವರಿಯಿಂದ ಕೇಳದೆ ಉಳಿಸಿಕೊಂಡಿದ್ದ ಮಾತೊಂದಿತ್ತು. ಕೇಳಬೇಕಾದ ಜಾಗ ಇದಲ್ಲ, ಕೇಳಬೇಕಾದ ದಿನವೂ ಇದಲ್ಲ. ಉತ್ತರದಿಂದ ಉಪಯೋಗವಾಗುವುದಿದ್ದರೆ ಅದು ಅವನೊಬ್ಬನಿಗೆ. ಆದರೂ ಕೇಳಿಬಿಟ್ಟ.

"ಇವಾಬುಚಿ-ಸಾನ್... ನನ್ನ ಮೇಲೆ ಕೋಪ ಇದೆಯಾ?"

ಕೇಳುತ್ತ ಕೇಳುತ್ತಲೇ, ಅಭ್ಯಾಸಬಲದಿಂದ, ಸಹಿ ಹಾಕಬೇಕಾದ ಜಾಗದ ಪಕ್ಕ ಅವನ ಬೆರಳು ಹೋಗಿ ಕೂತಿತ್ತು.

ಸನಾಯೆ ಪೆನ್ನು ತೆಗೆದುಕೊಂಡಳು. ಫಾರಮ್ಮನ್ನು ತನ್ನತ್ತ ಎಳೆದುಕೊಂಡಳು.

"ಇದೆ," ಎಂದಳು. "ಬೆರಳು ತೆಗೀರಿ. ನಾನೇ ಓದ್ಕೋತೀನಿ."